ಹಿಡಿಯುವ ಹುಡುಗನ ಬೆಲೆ ಎಷ್ಟು?

ಕಬಡ್ಡಿ ನೋಡುವವರ ಕಣ್ಣೆಲ್ಲ ದಾಳಿಗಾರನ ಮೇಲೆಯೇ. ಇಬ್ಬರನ್ನು ಮುಟ್ಟಿ ಮಧ್ಯಗೆರೆಗೆ ಕೈಚಾಚಿದವನಿಗೆ ಶಿಳ್ಳೆ, ಚಪ್ಪಾಳೆ. ಅವನ ಕಾಲು ಹಿಡಿದು ಕೆಡವಿದವನ ಹೆಸರು ಕೇಳುವವರು ಕಡಿಮೆ. ಆದರೆ ಕಾಲೇಜು ತಂಡಗಳಲ್ಲಿ ನಾಳಿನ ವೃತ್ತಿಪರ ಆಟಗಾರರನ್ನು ಹುಡುಕುವ ತರಬೇತುದಾರರು ಈ ಕ್ಯಾಚರ್‌ನನ್ನೂ ಅಷ್ಟೇ ಎಚ್ಚರದಿಂದ ತೂಗಿ ನೋಡುತ್ತಾರೆ.

ಅದಕ್ಕೆ ಕಾರಣವಿದೆ. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದಾಗ ಹರಾಜಿನ ಅತಿ ದೊಡ್ಡ ಮೊತ್ತ 12.80 ಲಕ್ಷ ರೂಪಾಯಿ. 2023ರಲ್ಲಿ ಎಡ ಕಾರ್ನರ್‌ನಲ್ಲಿ ನಿಂತು ಹಿಡಿಯುವುದರಲ್ಲಿ ಹೆಸರಾದ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಪುಣೇರಿ ಪಲ್ಟನ್ ಕೊಟ್ಟದ್ದು 2.35 ಕೋಟಿ! ಆ ಋತುವಿನ ಪ್ರಶಸ್ತಿಯೂ ಅದೇ ತಂಡಕ್ಕೆ ಬಂತು. ತಂಡಕ್ಕೆ ತರಬೇತಿ ಕೊಟ್ಟವರು ಕರ್ನಾಟಕದವರೇ ಆದ ಬಿ.ಸಿ. ರಮೇಶ್.

ಇಂಥ ಸುದ್ದಿ ಓದಿದಾಗ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಂಥ ಊರುಗಳಲ್ಲೂ ಅಪ್ಪ-ಅಮ್ಮಂದಿರಿಗೆ ಒಂದು ಪ್ರಶ್ನೆ ಏಳುವುದು ಸಹಜ: ನಮ್ಮ ಹುಡುಗನೂ ಕಾಲೇಜು ತಂಡದಲ್ಲಿ ಚೆನ್ನಾಗಿ ಹಿಡಿಯುತ್ತಾನಲ್ಲ, ಅವನ ಕೈಯಲ್ಲಿ ಆದೀತೆ?

ಏನನ್ನು ಅಳೆಯುತ್ತಾರೆ?

ಮೊದಲನೆಯದು ಮೈಕಟ್ಟು. ಹಿರಿಯ ಪುರುಷರ ವಿಭಾಗದಲ್ಲಿ ತೂಕ 85 ಕಿಲೋ ಮೀರುವಂತಿಲ್ಲ. ಆದ್ದರಿಂದ ಬರೀ ದಪ್ಪ ಮೈ ಪ್ರಯೋಜನಕ್ಕೆ ಬಾರದು. ತೊಡೆ, ಸೊಂಟ, ಮುಂಗೈಗಳಲ್ಲಿ ಬಲವಿರಬೇಕು.

ಎರಡನೆಯದು ನಿಲ್ಲುವ ಜಾಗ. ಕಾರ್ನರ್‌ನಲ್ಲಿ ನಿಲ್ಲುವವನು ಬೋನಸ್ ಗೆರೆಗೆ ಕಾಲಿಡುವ ದಾಳಿಗಾರನ ಪಾದ ಹಿಡಿಯಬೇಕು. ಅವನಿಗೆ ಚುರುಕು ಮುಖ್ಯ. ಕವರ್‌ನಲ್ಲಿ ನಿಲ್ಲುವವನು ಓಡುವ ದಾಳಿಗಾರನನ್ನು ಅಡ್ಡಗಟ್ಟಬೇಕು, ಇಲ್ಲವೇ ಅಂಕಣದಿಂದ ಹೊರಕ್ಕೆ ನೂಕಬೇಕು; ಅವನಿಗೆ ಎದೆ, ಭುಜದ ಶಕ್ತಿ ಬೇಕು.

ಮೂರನೆಯದು ತಾಳ್ಮೆ. ಹತ್ತು ಸಲ ನುಗ್ಗಿ ಐದು ಸಲ ಹಿಡಿದವನು ತಂಡಕ್ಕೆ ಐದು ಅಂಕ ತಂದ ಎಂದು ಊರಿನವರು ಮೆಚ್ಚುತ್ತಾರೆ. ತಪ್ಪಿದ ಐದು ಸಲವೂ ಎದುರಾಳಿಗೆ ಅಂಕ ಹೋಯಿತು, ತಾನೂ ಹೊರಗೆ ಕೂತ ಎಂಬುದನ್ನು ತರಬೇತುದಾರ ಮರೆಯುವುದಿಲ್ಲ. ಆರು ಸಲ ಮಾತ್ರ ನುಗ್ಗಿ ನಾಲ್ಕು ಸಲ ಹಿಡಿದವನೇ ಅವನ ಲೆಕ್ಕದಲ್ಲಿ ಮೇಲು. ಅಂಕಣದಲ್ಲಿ ಮೂವರು ಅಥವಾ ಇನ್ನೂ ಕಡಿಮೆ ಜನ ಉಳಿದಾಗ ಹಿಡಿದರೆ ಎರಡು ಅಂಕ. ಆಗ ಹೆದರದವನನ್ನು ಗುರುತಿಟ್ಟುಕೊಳ್ಳುತ್ತಾರೆ.

ನಾಲ್ಕನೆಯದು ಹೊಂದಾಣಿಕೆ. ಪಕ್ಕದವನ ಕೈ ಹಿಡಿದು ನಿಂತು, ಒಬ್ಬ ನುಗ್ಗಿದೊಡನೆ ಇನ್ನೊಬ್ಬ ಬೆನ್ನಿಗೆ ಬರಬೇಕು. ಒಂಟಿ ಸಾಹಸ ಮಾಡುವವನು ಕಾಲೇಜಿನಲ್ಲಿ ಮಿಂಚಿದರೂ ಮುಂದಿನ ಹಂತದಲ್ಲಿ ತಂಡಕ್ಕೆ ಹೊರೆಯಾಗುತ್ತಾನೆ.

ಮಣ್ಣಿನಿಂದ ಮ್ಯಾಟ್‌ಗೆ

ಹಳ್ಳಿಯ ಹುಡುಗರಿಗೆ ಎಡವುಗಲ್ಲಾಗುವುದು ಮ್ಯಾಟ್. ಮಣ್ಣಿನಲ್ಲಿ ಬರಿಗಾಲಿನ ಆಟ. ಮ್ಯಾಟ್ ಮೇಲೆ ಬೂಟು, ವೇಗವೂ ಹೆಚ್ಚು. ಕಾಲು ಕಚ್ಚಿಕೊಂಡು ಮೈ ತಿರುಗಿದರೆ ಮಂಡಿಗೆ ಪೆಟ್ಟು. ಆದ್ದರಿಂದ ಆಯ್ಕೆಗೆ ಹೋಗುವ ಮುನ್ನ ಕೆಲವು ತಿಂಗಳಾದರೂ ಮ್ಯಾಟ್ ಮೇಲೆ ಆಡಿರುವುದು ಒಳಿತು.

ದಾರಿ ಸ್ಪಷ್ಟವಾಗಿದೆ. ಅಂತರ ಕಾಲೇಜು ಪಂದ್ಯ, ದಾವಣಗೆರೆ ವಿಶ್ವವಿದ್ಯಾಲಯದ ತಂಡ, ಅಂತರ ವಿಶ್ವವಿದ್ಯಾಲಯ ಟೂರ್ನಿ, ರಾಜ್ಯ ತಂಡ. ಲೀಗಿನವರು ಹೊಸ ಯುವ ಆಟಗಾರರಿಗೆಂದೇ ಪ್ರತ್ಯೇಕ ವಿಭಾಗವನ್ನೂ ಇಟ್ಟಿದ್ದಾರೆ.

ಪೋಷಕರು ನೆನಪಿಡಬೇಕಾದದ್ದು

ಲೀಗಿನಲ್ಲಿರುವುದು 12 ತಂಡ. ತಂಡಕ್ಕೆ ಇಪ್ಪತ್ತೈದು ಮಂದಿ ಎಂದರೂ ಇಡೀ ದೇಶಕ್ಕೆ ಮುನ್ನೂರು ಜಾಗ. ಅದರಲ್ಲಿ ವಿದೇಶಿಯರೂ ಸೇರಿದ್ದಾರೆ. ಕೋಟಿ ಸಿಗುವುದು ಬೆರಳೆಣಿಕೆಯವರಿಗೆ. ಒಂದು ಪೆಟ್ಟು ಇಡೀ ವರ್ಷವನ್ನೇ ನುಂಗಬಹುದು.

ಹಾಗೆಂದು ಹುಡುಗನ ಉತ್ಸಾಹಕ್ಕೆ ತಣ್ಣೀರೆರಚಬೇಕಿಲ್ಲ. ಲೀಗ್ ಕೈತಪ್ಪಿದರೂ ರೈಲ್ವೆಯಂಥ ಇಲಾಖೆಗಳಲ್ಲಿ ಕ್ರೀಡಾ ಕೋಟಾದ ನೌಕರಿಗೆ ಬಾಗಿಲಿದೆ. ಅಲ್ಲಿ ಆಟದ ಪ್ರಮಾಣಪತ್ರದ ಜೊತೆಗೆ ಓದಿನ ಅಂಕಪಟ್ಟಿಯನ್ನೂ ಕೇಳುತ್ತಾರೆ. ಪದವಿಯನ್ನು ಅರ್ಧಕ್ಕೆ ಬಿಡಿಸಬೇಡಿ. ಆಡಿದ ಪ್ರತಿ ಪಂದ್ಯಾವಳಿಯ ಪ್ರಮಾಣಪತ್ರವನ್ನು ಜೋಪಾನವಾಗಿಡಿ. ಮಗ ಎಷ್ಟು ಸಲ ಹಿಡಿದ ಎಂದು ಕೇಳುವಾಗ, ಎಷ್ಟು ಸಲ ತಪ್ಪಿದ ಎಂದೂ ಕೇಳಿ. ತರಬೇತುದಾರರು ಕೇಳುವುದೂ ಅದನ್ನೇ.