ಕಣದಲ್ಲಿ ಚೆಲ್ಲಿದ ಕಾಳು ಯಾರದು?

ಕಿತ್ತೂರಿನಿಂದ ಕೆಲವೇ ಮೈಲಿ ದೂರದ ದೇಗಾಂವದಲ್ಲಿ, ಗೋವೆಯ ಕದಂಬರ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯು 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯದ ಎದುರು ನಿಂತವನ ಕಣ್ಣನ್ನು, ಒಂದೇ ಸಾಲಿನಲ್ಲಿ ನಿಂತ ಅದರ ಮೂರು ಗರ್ಭಗೃಹಗಳೂ ಕೊರೆದು ನುಣುಪು ಮಾಡಿದ ಕಂಬಗಳೂ ಮೊದಲು ಸೆಳೆಯುವುದು ಸಹಜವೇ ಆದರೂ, ಈ ಊರು ಅಂದು ಅಧ್ಯಯನ ಅಧ್ಯಾಪನಗಳಿಗೆಂದು ಬಿಟ್ಟ ಅಗ್ರಹಾರವೂ ಆಗಿದ್ದಿತೆಂಬ ಸಂಗತಿಯೇ ನನ್ನನ್ನು ಹೆಚ್ಚು ಹೊತ್ತು ಅಲ್ಲಿ ನಿಲ್ಲಿಸುತ್ತದೆ. ಮೂಲವನ್ನು ಕಂಠಸ್ಥ ಮಾಡಿ, ಭಾಷ್ಯವನ್ನು ಗುರುಮುಖದಿಂದ ಕೇಳಿ, ಭಾಷ್ಯಕಾರನು ಈ ಪದದ ಬಳಿಯೇ ಏತಕ್ಕೆ ತಡೆದು ನಿಂತನೆಂದು ಜೊತೆಯ ವಟುವಿನೊಡನೆ ವಾದಿಸುವ ಆ ವಿದ್ಯಾಕ್ರಮವು ನಮ್ಮಲ್ಲಿ ಕೆಲವು ಪಾಠಶಾಲೆಗಳ ಗೋಡೆಯೊಳಗೆ ಉಳಿದಿದೆಯೇ ಹೊರತು, ಎಲ್ಲರ ಮಕ್ಕಳೂ ಹೋಗುವ ಸಾಲಿಯಲ್ಲಿ ಉಳಿದಿಲ್ಲ. ಬೀಜಗಣಿತವನ್ನೂ ಪ್ರಯೋಗಶಾಲೆಯನ್ನೂ ಕೈಬಿಡದೆ, ಅಂಥ ಕ್ರಮವನ್ನು ಸಾಮಾನ್ಯ ಶಾಲೆಯ ವೇಳಾಪಟ್ಟಿಯಲ್ಲಿಯೇ ಕಾಪಾಡಿಕೊಂಡು ಬಂದವರು ಯೆಹೂದ್ಯರು. ಅವರ ಶಾಲೆಗಳಲ್ಲಿ 6ರಿಂದ 8ನೆಯ ಇಯತ್ತೆಯವರೆಗಿನ ಪಠ್ಯಕ್ರಮವನ್ನು ಪರಿಚಯಿಸುವುದು ಈ ಬರಹದ ಉದ್ದೇಶ.

ಈ ಶಾಲೆಗಳ ದಿನವು ಪ್ರಾತಃಪ್ರಾರ್ಥನೆಯಿಂದ ಮೊದಲಾಗುತ್ತದೆ. ಆಮೇಲೆ ದಿನವು ಎರಡಾಗಿ ಹರಿಯುತ್ತದೆ: ಒಂದು ಪಾಲು ತೋರಾ ಎಂಬ ಮೂಲ ಧರ್ಮಗ್ರಂಥ, ಪ್ರವಾದಿಗಳ ಗ್ರಂಥಗಳು, ಮಿಷ್ನಾ ಎಂಬ ವಿಧಿಸಂಗ್ರಹ, ಹೀಬ್ರೂ ಭಾಷೆ, ಯೆಹೂದ್ಯರ ಇತಿಹಾಸ, ಇನ್ನೊಂದು ಪಾಲು ಗಣಿತ, ವಿಜ್ಞಾನ, ದೇಶಭಾಷೆ, ಭೂಗೋಲ. ಶನಿವಾರ ಸಬ್ಬತ್ತಿನ ವಿಶ್ರಾಂತಿಯಾದ್ದರಿಂದ ಶುಕ್ರವಾರ ಮಧ್ಯಾಹ್ನಕ್ಕೇ ಗಂಟೆ ಬಾರಿಸುತ್ತದೆ. ಎಲ್ಲ ಶಾಲೆಗಳೂ ಒಂದೇ ಎರಕದವಲ್ಲ. ಸಂಪ್ರದಾಯನಿಷ್ಠವಾದವು, ಮಿಷ್ನಾವನ್ನೂ ಅದರ ಮೇಲಿನ ಚರ್ಚೆಯನ್ನೂ ಒಳಗೊಂಡ ತಾಲ್ಮುಡ್‌ಗೆ ಹೆಚ್ಚು ತಾಸುಗಳನ್ನು ಕೊಟ್ಟರೆ, ಉದಾರಪಂಥದವು ಭಾಷೆಗೂ ಇತಿಹಾಸಕ್ಕೂ ಹೆಚ್ಚು ಒತ್ತು ಕೊಡುವುದುಂಟು. ಲಂಡನ್ನಿನ ಯೆಹೂದ್ಯರ ಉಚಿತ ಶಾಲೆಯ ಮೂಲ 1732ರಷ್ಟು ಹಿಂದಿನದು. ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಸೊಲೊವೆಯ್ಚಿಕ್ ಎಂಬ ಮಹಾಪಂಡಿತರು ಮೈಮನೈಡಿಸ್ ಶಾಲೆಯನ್ನು ಸ್ಥಾಪಿಸಿದುದು 1937ರಲ್ಲಿ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. 1956ರವರೆಗೆ ದೇಗಾಂವವು ಯಾವ ಮುಂಬಯಿ ಆಡಳಿತಕ್ಕೆ ಸೇರಿತ್ತೋ, ಅದೇ ಮುಂಬಯಿಯಲ್ಲಿ ನಮ್ಮ ನೆರೆಯ ಕೊಂಕಣದ ಬೆನೆ ಇಸ್ರೇಲರೆಂಬ ಯೆಹೂದ್ಯರ ಶಾಲೆಯೊಂದಿದೆ. ಕೊಂಕಣದ ಹಳ್ಳಿಗಳಲ್ಲಿ ಗಾಣವಾಡಿಸಿ ಎಣ್ಣೆ ತೆಗೆಯುತ್ತಿದ್ದ ಈ ಜನವು ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಶನಿವಾರದ ಗಾಣಿಗರು. ಹೀಬ್ರೂ ಬಹುತೇಕ ಮರೆತುಹೋಗಿ ಕೆಲವೇ ಪ್ರಾರ್ಥನಾವಾಕ್ಯಗಳು ನಾಲಗೆಯ ಮೇಲೆ ಉಳಿದಿದ್ದ ಅವರಿಗೆ ಆ ಭಾಷೆಯನ್ನು ಮರಳಿ ಕಲಿಸಿದವರಲ್ಲಿ ಪಾದ್ರಿ ಜಾನ್ ವಿಲ್ಸನ್ ಒಬ್ಬರು. ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದವರು. ಮತಾಂತರದ ಆಸೆಯಿಂದ ಪಾದ್ರಿಗಳು ಕೊಟ್ಟ ವಿದ್ಯೆಯನ್ನು ಪಡೆದು, ಮತವನ್ನು ಮಾತ್ರ ವಿನಯದಿಂದ ಹಿಂದಿರುಗಿಸಿದ ಆ ಜನರ ಜಾಣ್ಮೆ ಮೆಚ್ಚತಕ್ಕದ್ದೇ ಸರಿ. 1875ರಲ್ಲಿ ಹಯೀಮ್ ಸಾಮ್ಯುಯೆಲ್ ಕೆಹಿಮ್‌ಕರರು ತಮ್ಮವರೊಡಗೂಡಿ ಇಸ್ರಾಯೇಲೀಯರ ಶಾಲೆಯನ್ನು ತೆರೆದರು. ಅದೇ ಮುಂದೆ ಸರ್ ಎಲಿ ಕದೂರಿ ಶಾಲೆಯಾಯಿತು. ಅದೇ ನಗರದ ಡೇವಿಡ್ ಸಸೂನ್ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಜೋಸೆಫ್ ಎಜೆಕಿಯೆಲ್ ರಾಜಪುರಕರರು ಹೀಬ್ರೂ ಪ್ರಾರ್ಥನೆಗಳನ್ನು ಒಂದೊಂದಾಗಿ ಮರಾಠಿಗೆ ತಂದರು. ಮಕ್ಕಳು ಮನೆಯಲ್ಲಿ ಹಬ್ಬಗಳಿಗೆ ಹೇಳುತ್ತಿದ್ದ ಹೆಸರುಗಳೋ ನಮಗೆ ಅಪರಿಚಿತವಲ್ಲ: ಖೀರಿನ ಹಬ್ಬ, ಬಾಗಿಲು ಮುಚ್ಚುವ ಹಬ್ಬ, ಪೂರಿಮ್ ಹಬ್ಬಕ್ಕಂತೂ ಹೋಳಿಯೆಂದೇ ಹೆಸರು. 1948ರ ನಂತರ ಬಹುಪಾಲು ಕುಟುಂಬಗಳು ಇಸ್ರೇಲಿಗೆ ಹೊರಟುಹೋದವು. ಇಂದು ಕದೂರಿ ಶಾಲೆಯ ಹಲಗೆಗಳ ಮೇಲೆ ಕೂರುವವರಲ್ಲಿ ಯೆಹೂದ್ಯ ಮಕ್ಕಳು ವಿರಳ.

ಇನ್ನು ಪಾಠಕ್ಕೆ ಬರೋಣ. ತಾಲ್ಮುಡ್‌ನ ಗೆಮಾರಾ ಎಂಬ ಚರ್ಚಾಭಾಗವನ್ನು ಮೊದಲ ಸಲ ಮಕ್ಕಳ ಕೈಗೆ ಕೊಡುವಾಗ, ದೇವರು, ಸೃಷ್ಟಿ, ಮೋಕ್ಷ ಮೊದಲಾದ ಮಹಾವಿಷಯಗಳಿಂದಲ್ಲ, ಬಿದ್ದು ಸಿಕ್ಕಿದ ಸಾಮಾನಿನಿಂದ ತೊಡಗುವುದು ಅನೇಕ ಶಾಲೆಗಳ ಪದ್ಧತಿ. ದಾರಿಯಲ್ಲಿ ಬಿಡಿಬಿಡಿಯಾಗಿ ಚೆಲ್ಲಿದ ನಾಣ್ಯ ಸಿಕ್ಕರೆ ಸಿಕ್ಕವನದು. ಅವೇ ನಾಣ್ಯಗಳು ಒಂದರ ಮೇಲೊಂದು ಪೇರಿಸಿದಂತೆ ಇದ್ದರೆ, ಅಥವಾ ಚೀಲದೊಳಗಿದ್ದರೆ, ಡಂಗುರ ಸಾರಿ ಒಡೆಯನನ್ನು ಹುಡುಕತಕ್ಕದ್ದು. ಏಕೆ? ಪೇರಿಸಿದ್ದಕ್ಕೂ ಚೀಲಕ್ಕೂ ಗುರುತು ಹೇಳಬಹುದು. ಚೆಲ್ಲಿದ್ದಕ್ಕೆ ಗುರುತಿಲ್ಲವಾಗಿ ಒಡೆಯನು ಆಸೆ ಬಿಟ್ಟಿರುತ್ತಾನೆ. ಹಾಗಾದರೆ ಕಳೆದುಕೊಂಡದ್ದು ಅವನಿಗೆ ಇನ್ನೂ ಗೊತ್ತೇ ಇಲ್ಲದಿದ್ದರೆ, ಆಸೆ ಬಿಡುವುದೆಂತು? ಇಲ್ಲಿ ಅಬಾಯೆ, ರಾವಾ ಎಂಬ ಇಬ್ಬರು ಆಚಾರ್ಯರು ಎದುರುಬದುರಾಗಿ ನಿಲ್ಲುತ್ತಾರೆ. ಅವರೊಡನೆ, ಒಂದೇ ಪುಟಕ್ಕೆ ತಲೆ ಬಾಗಿಸಿದ ಇಬ್ಬಿಬ್ಬರು ಮಕ್ಕಳೂ. ಹೀಗೆ ಜೋಡಿಯಾಗಿ ಕೂತು ಗಟ್ಟಿಯಾಗಿ ಓದಿ ತಕರಾರು ತೆಗೆಯುವ ಕ್ರಮಕ್ಕೆ ಹೆವ್ರೂತಾ ಎಂದು ಹೆಸರು. ಆ ತರಗತಿ ಸಂತೆಯಂತೆ ಗದ್ದಲವಾಗಿದ್ದರೆ ಪಾಠ ಸರಿಯಾಗಿ ನಡೆದಿದೆಯೆಂದು ಅರ್ಥ. ನಾನು ಓದಿದ ಶಾಲೆಯೊಂದರಲ್ಲಿ, ಪದ್ಯದಲ್ಲಿ ಒಂದೇ ಮಾತನ್ನು ಕವಿ ಎರಡು ಸಲ ಏಕೆ ಹೇಳಿದನೆಂದು ಕೇಳಿದ್ದಕ್ಕೆ ಬೆಂಚಿನ ಮೇಲೆ ನಿಂತವನು ನಾನು. ಆದಕಾರಣ ಈ ಗದ್ದಲದ ವಿಷಯದಲ್ಲಿ ನನ್ನ ಪಕ್ಷಪಾತವನ್ನು ಓದುಗರು ಕ್ಷಮಿಸಬೇಕು.

ಪುಟವೂ ನೋಡತಕ್ಕದ್ದೇ. ನಡುವೆ ಮೂಲ, ಹೊಲಿಗೆಯ ಕಡೆಯ ಅಂಚಿನಲ್ಲಿ ರಾಶಿ ಎಂಬ ವ್ಯಾಖ್ಯಾನಕಾರ, ಹೊರ ಅಂಚಿನಲ್ಲಿ ಆ ರಾಶಿಯೊಡನೆ ಜಗಳವಾಡುವ ತೋಸಾಫೋತ್ ಎಂಬ ಮುಂದಿನ ತಲೆಮಾರಿನವರು. ವೆನಿಸ್ಸಿನ ಡೇನಿಯಲ್ ಬಾಂಬರ್ಗ್ 1520ರ ಸುಮಾರಿಗೆ ಸಂಪೂರ್ಣ ತಾಲ್ಮುಡ್ ಅಚ್ಚು ಮಾಡತೊಡಗಿದಾಗಿನಿಂದ ಪುಟದ ಈ ವಿನ್ಯಾಸವೇ ನಡೆದುಬಂದಿದೆ. ಸುಗ್ಗಿಯ ಕಾಲದಲ್ಲಿ ರಾಶಿಯೆಂದೊಡನೆ ಕಾಳಿನ ಗುಡ್ಡೆಯನ್ನು ನೆನೆಯುವ ನಮಗೆ ಇದು ಮನುಷ್ಯನ ಹೆಸರೆಂಬುದು ತುಸು ವಿನೋದವಾಗಿ ಕಂಡೀತು; ರಬ್ಬಿ ಶ್ಲೋಮೊ ಯಿತ್ಸ್‌ಹಾಕಿ ಎಂಬುದರ ಮೊದಲಕ್ಷರಗಳಿಂದಾದ ಹೆಸರದು. 1040ರಿಂದ 1105ರವರೆಗೆ ಬಾಳಿದ ಈತನು ಫ್ರಾನ್ಸಿನ ತ್ರ್ವಾ ಪಟ್ಟಣದಲ್ಲಿ ಕುಳಿತು ಭಾಷ್ಯ ಬರೆದನು. ಅದೇ ಯುಗದಲ್ಲಿ, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯಲ್ಲಿಯೂ ಕಳೆದುಹೋಗಿ ಸಿಕ್ಕ ಧನದ ವಿಚಾರವುಂಟು: ದೊರೆಯು ಅದನ್ನು ಒಡೆಯನಿಗೆ ಕೊಡಬೇಕು, ಒಡೆಯನೆನ್ನುವವನು ಗುರುತು ಹೇಳಲಾರದೆ ಹೋದರೆ ಅಷ್ಟೇ ಮೊತ್ತದ ದಂಡ ತೆರಬೇಕು. ಮನುವಾದರೋ ದೊರೆ ಮೂರು ವರ್ಷ ಕಾಯ್ದಿಡಬೇಕೆಂದನು. ಎರಡು ಕಡೆಯೂ ಕೀಲಿಕೈ ಒಂದೇ: ಗುರುತು. ಅಲ್ಲಿ ಅದನ್ನು ಏಳನೆಯ ಇಯತ್ತೆಯ ಮಕ್ಕಳು ಓದುತ್ತಾರೆ. ಇಲ್ಲಿ ಕಾನೂನಿನ ವಿದ್ಯಾರ್ಥಿಗಳು ಮಿತಾಕ್ಷರಾ ಎಂಬ ಹೆಸರನ್ನು ದಾಯಭಾಗದೊಡನೆ ಜೋಡಿಸಿ ಬಾಯಿಪಾಠ ಮಾಡಿ ಪರೀಕ್ಷೆ ದಾಟುತ್ತಾರೆ. ಏಳನೆಯ ಇಯತ್ತೆಗಿದ್ದ ಹಳೆಯ ಮುಲ್ಕಿ ಪರೀಕ್ಷೆಯ ಕಾಲದಿಂದಲೂ ನಮ್ಮ ಆ ಇಯತ್ತೆಯು ಉತ್ತರಗಳ ಇಯತ್ತೆಯಾಗಿಯೇ ಉಳಿದಿದೆ.

ರಾಶಿಯನ್ನು ಓದಿಸುವ ಗುರುವು ಅವನು ಏನು ಹೇಳಿದನೆಂದು ಮೊದಲು ಕೇಳುವುದಿಲ್ಲ. ಅವನಿಗೆ ಇಲ್ಲಿ ತೊಡಕಾದದ್ದೇನು ಎಂದು ಕೇಳುತ್ತಾನೆ. ಅವನ ಭಾಷ್ಯದ ಆರಂಭವೇ ಒಂದು ತಕರಾರು: ತೋರಾ ವಿಧಿನಿಷೇಧಗಳ ಗ್ರಂಥವಾಗಿದ್ದ ಮೇಲೆ ಮೊದಲ ವಿಧಿಯಿಂದಲೇ ಶುರುವಾಗದೆ ಸೃಷ್ಟಿಯ ಕಥೆಯಿಂದ ಏಕೆ ಶುರುವಾಯಿತು? ಧರ್ಮಗ್ರಂಥದ ಮೊದಲ ಸಾಲಿಗೇ ‘ಇದು ಇಲ್ಲೇಕೆ?’ ಎಂದು ಕೇಳುವುದನ್ನು ಹನ್ನೊಂದು ವರ್ಷದ ಕೂಸಿಗೆ ಅಭ್ಯಾಸ ಮಾಡಿಸುವುದು ಸಣ್ಣ ಧೈರ್ಯವಲ್ಲ.

ಈ ಮೂರು ವರ್ಷಗಳ ನಡುವೆಯೇ ಹುಡುಗನಿಗೆ 13, ಹುಡುಗಿಗೆ 12 ತುಂಬಿ, ಧರ್ಮದ ಹೊಣೆ ಅವರ ಹೆಗಲಿಗೆ ಬರುತ್ತದೆ. ಬಾರ್ ಮಿತ್ಸ್ವಾ ಎಂಬ ಆ ಸಂಸ್ಕಾರದ ದಿನ ಹುಡುಗನು ಸಭೆಯ ನಡುವೆ ಚರ್ಮದ ಸುರುಳಿಯಿಂದ ಓದಬೇಕು. ಆ ಸುರುಳಿಯಲ್ಲಿ ವ್ಯಂಜನಗಳಿವೆ, ಸ್ವರಚಿಹ್ನೆಗಳಿಲ್ಲ, ರಾಗದ ಗುರುತುಗಳೂ ಇಲ್ಲ. ಕಾಗುಣಿತವಿಲ್ಲದ ಬರಿಯ ಕಕಾರ ಖಕಾರಗಳನ್ನು ನೋಡುತ್ತ ಉದಾತ್ತ ಅನುದಾತ್ತಗಳು ತಪ್ಪದಂತೆ ಹಾಡಬೇಕೆಂದರೆ ಆ ಕಷ್ಟ ನಮಗೆ ಅರ್ಥವಾದೀತು. ಪಂಚಾಂಗವೂ ಪಾಠದ ವಿಷಯವೇ: ಅವರದೂ ಚಾಂದ್ರಮಾಸಗಳನ್ನು ಸೂರ್ಯನಿಗೆ ಹೊಂದಿಸುವ ಗಣನೆಯಾಗಿ, 19 ವರ್ಷಗಳಲ್ಲಿ 7 ಸಲ ಅಧಿಕಮಾಸ ಬರುತ್ತದೆ. ಹೊರೆಯೂ ಉಂಟೆಂಬುದನ್ನು ಮುಚ್ಚಿಡಲಾಗದು. ಎರಡು ಪಠ್ಯಕ್ರಮಗಳನ್ನು ಒಂದೇ ಹಗಲಿನಲ್ಲಿ ತುರುಕುವುದರಿಂದ ಮಗುವಿನ ಸಂಜೆ ಕಿರಿದಾಗುತ್ತದೆ, ಮತ್ತು ಸರಕಾರದ ನೆರವಿಲ್ಲದ ದೇಶಗಳಲ್ಲಿ ತಂದೆತಾಯಿಗಳು ತೆರುವ ಶುಲ್ಕ ಸಾಮಾನ್ಯವಲ್ಲ.

ಚೆಲ್ಲಿದ ನಾಣ್ಯದ ಪಾಠವು ಅಷ್ಟಕ್ಕೇ ಮುಗಿಯುವುದಿಲ್ಲ. ಗೆಮಾರಾ ಅದನ್ನು ಸುಗ್ಗಿಯ ಕಣಕ್ಕೇ ಕೊಂಡೊಯ್ಯುತ್ತದೆ. ನಾಲ್ಕು ಮೊಳ ಜಾಗದಲ್ಲಿ ಒಂದು ಕಾವ್, ಎಂದರೆ 24 ಮೊಟ್ಟೆಗಳ ಗಾತ್ರದಷ್ಟು ಕಾಳು ಚದರಿದ್ದರೆ ಆರಿಸುವ ಶ್ರಮಕ್ಕೆ ಬೇಸತ್ತು ಒಡೆಯ ಬಿಟ್ಟಿದ್ದಾನೆಂದು ತಿಳಿಯಬೇಕು. ಸರಿ, ಎನ್ನುತ್ತಾನೆ ಯಿರ್ಮಿಯಾ ಎಂಬ ಆಚಾರ್ಯ. ಎರಡು ಮೊಳದಲ್ಲಿ ಅರ್ಧ ಕಾವ್ ಇದ್ದರೆ? ಎಂಟು ಮೊಳದಲ್ಲಿ ಎರಡಿದ್ದರೆ? ಕಾಳಲ್ಲದೆ ಎಳ್ಳಾಗಿದ್ದರೆ? ಎಳ್ಳು ಬೆಲೆಯುಳ್ಳದ್ದು, ಬಿಡಲಾರ. ಆರಿಸುವುದು ಮಹಾಕಷ್ಟ, ಬಿಟ್ಟಾನು. ಈ ಯಿರ್ಮಿಯಾ ಇನ್ನೊಂದೆಡೆ, ಗೂಡಿನಿಂದ 50 ಮೊಳದೊಳಗೆ ಸಿಕ್ಕ ಪಾರಿವಾಳದ ಮರಿ ಗೂಡಿನವನದು, ಆಚೆಯದು ಸಿಕ್ಕವನದು ಎಂಬ ವಿಧಿಯನ್ನು ಕೇಳಿ, ಮರಿಯ ಒಂದು ಕಾಲು ಒಳಗೂ ಒಂದು ಕಾಲು ಹೊರಗೂ ಇದ್ದರೆ ಎಂದು ಕೇಳಿದ್ದಕ್ಕೆ ಅವನನ್ನು ವಿದ್ಯಾಶಾಲೆಯಿಂದಲೇ ಹೊರಗೆ ಹಾಕಿದರಂತೆ. ಮುಂದೆ ಮರಳಿ ಸೇರಿಸಿಕೊಂಡರು. ಬೆಂಚಿನ ಮೇಲೆ ನಿಂತವನಿಗೆ ಇದರಿಂದ ಎಷ್ಟು ಸಮಾಧಾನವಾಯಿತೆಂಬುದನ್ನು ಹೇಳಬೇಕಾಗಿಲ್ಲ. ಎಳ್ಳಿನ ಪ್ರಶ್ನೆಗಾದರೋ ತಾಲ್ಮುಡ್ ಉತ್ತರ ಕೊಡುವುದಿಲ್ಲ; ‘ತೇಕು’, ನಿಲ್ಲಲಿ ಎಂದು ಬರೆದು ಮುಂದೆ ಹೋಗುತ್ತದೆ. ಮಕ್ಕಳೂ ಪುಸ್ತಕದಲ್ಲಿ ಅದನ್ನೇ ಬರೆದುಕೊಳ್ಳುತ್ತಾರೆ.

ದೇಗಾಂವದ ಗುಡಿಯ ಹಿಂದಿನ ದಾರಿಯಲ್ಲಿ, ಕಣದಿಂದ ಮೊರ ಹಿಡಿದು ಬರುತ್ತಿದ್ದ ಅಜ್ಜಿಯೊಬ್ಬಳಿಗೆ ನಾನು ಈ ಎಳ್ಳಿನ ಮಾತನ್ನು ಕೇಳಿಯೇಬಿಟ್ಟೆ. ಆಕೆ ಒಂದು ಗಳಿಗೆ ನಿಂತು, ಮೊರವನ್ನು ಸೊಂಟಕ್ಕೆ ಆನಿಸಿಕೊಂಡು, “ಆರಿಸಾಕ ಬರೂದಿಲ್ಲಂತ ಬಿಡ್ತೇವ್ರೀ ಯಪ್ಪಾ, ಹಂಗಂತ ಅದು ನಮ್ದಲ್ಲಂತ ಯಾರ್ ಅಂದ್ರು?” ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಮನೆಯತ್ತ ನಡೆದಳು.