ಸ್ಲ್ಯಾಷರ್ ಬಗ್ಗಿದಾಗ ಉಕ್ಕಿನೊಳಗೆ ಏನಾಗುತ್ತದೆ?

ಮಳೆ ಹಿಂದೆ ಸರಿದು ಕಾಫಿ ಕೊಯ್ಲು ಶುರುವಾಗುವ ಮುಂಚಿನ ವಾರಗಳಲ್ಲಿ ಸಕಲೇಶಪುರ, ಆಲೂರಿನ ಕಡೆ ಎಲ್ಲರಿಗೂ ಒಂದೇ ಆತುರ: ಕಾಡು ಕಡಿಸಬೇಕು. ಜೂನ್‌ನಿಂದ ಸುರಿದ ಮಳೆಗೆ ಕಣದ ಸುತ್ತ, ತೋಟದ ರಸ್ತೆಯ ಅಂಚಿನಲ್ಲಿ, ಶುಂಠಿ ಬೆಳೆದು ಪಾಳು ಬಿಟ್ಟ ಜಾಗದಲ್ಲಿ ಹುಲ್ಲು, ಲಂಟಾನ, ಕಮ್ಯುನಿಸ್ಟ್ ಗಿಡ ಎದೆಯೆತ್ತರ ಬೆಳೆದಿರುತ್ತವೆ. ಇಳಿಜಾರಿನ ಕಾಫಿ ಸಾಲುಗಳ ನಡುವೆ ಕತ್ತಿ, ಇಲ್ಲವೇ ಹೆಗಲಿಗೆ ನೇತುಹಾಕುವ ಯಂತ್ರವೇ ಗತಿ. ಕೊಂಚ ಸಮತಟ್ಟು ಸಿಕ್ಕರೆ ಮಾತ್ರ ಹಳೆಯ ಟ್ರ್ಯಾಕ್ಟರಿನ ಹಿಂದೆ ಬ್ಲೇಡು ತಿರುಗಿಸಿ ಕಾಡು ಕಡಿಯುವ ಸ್ಲ್ಯಾಷರ್ ಕಟ್ಟಬಹುದು. ಆ ಹುಲ್ಲಿನ ಮರೆಯಲ್ಲೇ ಕಡಿದು ಬಿಟ್ಟ ಸಿಲ್ವರ್ ಓಕ್‌ನ ಬೊಡ್ಡೆಯೋ ಅರ್ಧ ಹೂತ ಬಂಡೆಯೋ ಇರುತ್ತದೆ.

ಅದಕ್ಕೆ ಬಡಿದು ಬಗ್ಗಿದ ಸ್ಲ್ಯಾಷರನ್ನು ಎಸೆದು ಹೊಸದು ತರುವುದು ಸುಲಭವೆಂದು ದೂರದವರಿಗೆ ಅನ್ನಿಸಬಹುದು. ಆದರೆ ಹಳೆಯ ಟ್ರ್ಯಾಕ್ಟರಿನ ಎತ್ತುವ ತಾಕತ್ತು, ಅಗಲ, ಕೊಂಡಿಯ ಅಳತೆಗೆ ಹೊಂದುವ ಸಲಕರಣೆ ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುವಂಥದ್ದಲ್ಲ. ಎಚ್‌ಎಂಟಿಯನ್ನೇ ನೋಡಿ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಕಂಪನಿ 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಚೆಕೊಸ್ಲೊವಾಕಿಯಾದ ಸಹಯೋಗದಿಂದ 25 ಅಶ್ವಶಕ್ತಿಯ ಝೆಟರ್ ಟ್ರ್ಯಾಕ್ಟರ್ ತಯಾರಿಸತೊಡಗಿತು. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಇಂಥ ಯಂತ್ರ ಇಟ್ಟುಕೊಂಡವರಿಗೆ ರಿಪೇರಿಯೇ ಮೊದಲ ದಾರಿ. ಆ ರಿಪೇರಿ ಚೆನ್ನಾಗಿ ಆಗಬೇಕಾದರೆ ಬಗ್ಗಿದ ಉಕ್ಕು ಬಗ್ಗುವ ಮುಂಚಿನ ಉಕ್ಕಾಗಿ ಉಳಿದಿರುವುದಿಲ್ಲ ಎಂಬುದು ಗೊತ್ತಿರಬೇಕು.

ಮೊದಲು ಅದು ಬಗ್ಗುವ ಬಗೆ. ಎಂಜಿನ್ನಿನ ಬಲವನ್ನು ಸಲಕರಣೆಗೆ ದಾಟಿಸಲು ಟ್ರ್ಯಾಕ್ಟರಿನ ಹಿಂದೆ ಚಾಚಿರುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಸ್ಲ್ಯಾಷರ್‌ನ ಗೇರ್‌ಬಾಕ್ಸ್ ಆ ವೇಗವನ್ನು ಹೆಚ್ಚಿಸುತ್ತದೆ. ಒಂದೂವರೆ ಮೀಟರ್ ಅಗಲ ಕೊಯ್ಯುವ ಸ್ಲ್ಯಾಷರ್ ನಿಮಿಷಕ್ಕೆ 900 ಸುತ್ತು ತಿರುಗಿದರೆ ಬ್ಲೇಡಿನ ತುದಿಯ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್. ಬ್ಲೇಡುಗಳನ್ನು ಒಂದೇ ಬೋಲ್ಟಿಗೆ ಸಡಿಲವಾಗಿ ಕೂರಿಸಿರುವುದು ಈ ಕಾರಣಕ್ಕೇ: ಸಣ್ಣ ಕಲ್ಲು ತಗುಲಿದರೆ ಬ್ಲೇಡ್ ಹಿಂದಕ್ಕೆ ಮಡಚಿ ತಪ್ಪಿಸಿಕೊಳ್ಳುತ್ತದೆ.

ಹಾಗಾಗಿ ಸ್ಲ್ಯಾಷರ್‌ನ ಚೌಕಟ್ಟು ಬಗ್ಗುವುದಕ್ಕೆ ಅನೇಕ ಸಲ ಕಲ್ಲಿಗಿಂತ ಕ್ಲಚ್ಚೇ ಕಾರಣ. ಇದು ಹಳೆಯ ಟ್ರ್ಯಾಕ್ಟರ್‌ಗಳದ್ದೇ ಗುಣ, ಮಲೆನಾಡಿನಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಫರ್ಗುಸನ್ ಟಿಇ-20ಯಂಥ ಯಂತ್ರಗಳಲ್ಲಿ ಚಕ್ರಕ್ಕೂ ಪಿಟಿಒಗೂ ಸೇರಿ ಒಂದೇ ಕ್ಲಚ್. ಪೆಡಲ್ ಒತ್ತಿದರೆ ಎಂಜಿನ್ ಬೇರೆಯಾಗುತ್ತದೆ, ಆದರೆ ಸ್ಲ್ಯಾಷರ್ ಮತ್ತು ಚಕ್ರಗಳ ನಡುವಿನ ಸಂಪರ್ಕ ಗೇರ್‌ಬಾಕ್ಸಿನ ಮೂಲಕ ಹಾಗೇ ಉಳಿಯುತ್ತದೆ. ಜೋರಾಗಿ ತಿರುಗುತ್ತಿರುವ ಭಾರದ ಬ್ಲೇಡುಗಳು ತಮ್ಮಲ್ಲಿ ಕೂಡಿಟ್ಟ ಶಕ್ತಿಯನ್ನೆಲ್ಲ ಚಕ್ರಕ್ಕೆ ಕೊಡುತ್ತವೆ. ಹಿಮ್ಮುಖ ಗೇರಿನಲ್ಲಿ ದರೆಯ ಹತ್ತಿರ ಬಂದು ಡ್ರೈವರ್ ಕ್ಲಚ್ ಒತ್ತುತ್ತಾನೆ. ಟ್ರ್ಯಾಕ್ಟರ್ ನಿಲ್ಲುವ ಬದಲು ಇನ್ನೂ ಒಂದು ಮಾರು ಹಿಂದೆ ಹೋಗಿ ಸ್ಲ್ಯಾಷರ್ ದರೆಗೆ ಗುದ್ದುತ್ತದೆ. ಪಿಟಿಒ ಶಾಫ್ಟಿಗೆ ಓವರ್‌ರನ್ನಿಂಗ್ ಕ್ಲಚ್ ಹಾಕಿದರೆ ಬಲ ಟ್ರ್ಯಾಕ್ಟರಿನಿಂದ ಬ್ಲೇಡಿಗೆ ಹೋಗುತ್ತದೆ, ಬ್ಲೇಡಿನಿಂದ ವಾಪಸು ಬರುವುದಿಲ್ಲ. ಚೌಕಟ್ಟು ಸರಿಮಾಡಿಸುವುದಕ್ಕಿಂತ ಮುಂಚೆ ಇದನ್ನು ಹಾಕಿಸಿ ಎಂದೇ ನಾನು ಒತ್ತಾಯಿಸುವುದು. ಕಾಲು ಕ್ಲಚ್ಚಿನ ಮೇಲಿದ್ದೂ ನಿಲ್ಲದ ಟ್ರ್ಯಾಕ್ಟರ್ ಇಳಿಜಾರಿನಲ್ಲಿ ಜೀವ ತೆಗೆಯಬಲ್ಲದು.

ಈಗ ಉಕ್ಕಿನ ವಿಷಯ. ವರ್ಕ್‌ಶಾಪಿನವರು ಎಂ.ಎಸ್. ಎನ್ನುವ ಸಾಧಾರಣ ಉಕ್ಕಿನ ಒಂದು ಮೀಟರ್ ಪಟ್ಟಿಯನ್ನು ಎಳೆದರೆ ಅದು ಸುಮಾರು 1.25 ಮಿಲಿಮೀಟರ್‌ವರೆಗೆ ಹಿಗ್ಗಿ, ಬಿಟ್ಟ ಕೂಡಲೇ ಮೊದಲಿನ ಉದ್ದಕ್ಕೆ ಮರಳುತ್ತದೆ. ಅದನ್ನು ಮೀರಿದ ಹಿಗ್ಗು ಕಾಯಂ. ಆ ಗಡಿಯಾಚೆ ನಡೆಯುವುದೇನು ಎಂಬುದಕ್ಕೆ ಉತ್ತರ ಸಿಕ್ಕಿದ್ದು 1934ರಲ್ಲಿ. ಜೆಫ್ರಿ ಟೇಲರ್, ಎಗಾನ್ ಒರೊವಾನ್, ಮೈಕೆಲ್ ಪೊಲಾನಿ ಮೂವರೂ ಬೇರೆಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದರು. ಲೋಹದ ಹರಳಿನಲ್ಲಿ ಪರಮಾಣುಗಳ ಒಂದು ಪದರ ಇನ್ನೊಂದರ ಮೇಲೆ ಇಡಿಯಾಗಿ ಒಮ್ಮೆಗೇ ಜಾರಬೇಕೆಂದರೆ ಅದಕ್ಕೆ ಬೇಕಾದ ಬಲ ವಿಪರೀತ. ನಿಜವಾದ ಲೋಹ ಅದರ ನೂರಾರು ಪಾಲು ಕಡಿಮೆ ಬಲಕ್ಕೇ ಬಗ್ಗುತ್ತದೆ. ಕಣದಲ್ಲಿ ಹಾಸಿದ ದೊಡ್ಡ ಟಾರ್ಪಾಲನ್ನು ಒಂದಡಿ ಸರಿಸಬೇಕಾದಾಗ ಪೂರ್ತಿ ಎಳೆಯದೆ, ಒಂದು ತುದಿಯಲ್ಲಿ ಮಡಿಕೆ ಎಬ್ಬಿಸಿ ಅದನ್ನೇ ಇನ್ನೊಂದು ತುದಿಗೆ ತಳ್ಳಿಕೊಂಡು ಹೋಗುತ್ತೇವಲ್ಲ, ಹರಳಿನೊಳಗೂ ಅಂಥದೇ ಒಂದು ದೋಷದ ಗೆರೆ ಸಾಗುತ್ತದೆ. ಇದಕ್ಕೆ ಡಿಸ್‌ಲೊಕೇಶನ್ ಎಂದು ಹೆಸರು. 1956ರಲ್ಲಿ ಕೇಂಬ್ರಿಜ್‌ನ ಪೀಟರ್ ಹರ್ಷ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಗೆರೆಗಳು ಚಲಿಸುವುದನ್ನು ಕಣ್ಣಾರೆ ಕಂಡರು.

ಬಗ್ಗಿಸಿದಷ್ಟೂ ಈ ಗೆರೆಗಳು ಹೆಚ್ಚುತ್ತವೆ. ಚೆನ್ನಾಗಿ ಕಾಯಿಸಿ ನಿಧಾನವಾಗಿ ಆರಿಸಿದ ಲೋಹದ ಒಂದು ಘನ ಸೆಂಟಿಮೀಟರ್‌ನಲ್ಲಿ ಇವನ್ನೆಲ್ಲ ಕೂಡಿಸಿದರೆ ನೂರಾರು ಕಿಲೋಮೀಟರ್ ಆದೀತು. ತಣ್ಣಗಿರುವಾಗಲೇ ಬಡಿದು ಬಗ್ಗಿಸಿದ ಲೋಹದಲ್ಲಿ ಹತ್ತು ಲಕ್ಷ ಕಿಲೋಮೀಟರ್ ಮುಟ್ಟಬಹುದು. ಅಷ್ಟು ಗೆರೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಅಲುಗಾಡಲಾರದೆ ನಿಲ್ಲುತ್ತವೆ. ಬಗ್ಗಿದ ಜಾಗ ಅಕ್ಕಪಕ್ಕಕ್ಕಿಂತ ಗಟ್ಟಿಯಾಗುತ್ತದೆ, ಆದರೆ ಮತ್ತೆ ಬಾಗುವ ಅದರ ಶಕ್ತಿ ಕುಗ್ಗುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುವಾಗ ಆಗುವುದೂ ಇದೇ. ಇನ್ನೊಂದು ಸಂಗತಿಯನ್ನು 1880ರ ದಶಕದಲ್ಲೇ ಮ್ಯೂನಿಕ್‌ನ ಯೊಹಾನ್ ಬೌಶಿಂಗರ್ ತೋರಿಸಿದ್ದ: ಒಂದು ದಿಕ್ಕಿಗೆ ಎಳೆದ ಲೋಹವನ್ನು ವಿರುದ್ಧ ದಿಕ್ಕಿಗೆ ಒತ್ತಿದರೆ ಅದು ಬೇಗ ಸೋಲುತ್ತದೆ. ಚೌಕಟ್ಟಿನ ಬಗ್ಗಿದ ಚಾನಲ್ಲಿಗೆ ಜಾಕಿ ಕೊಟ್ಟಾಗ ಮೊದಲು ಸಲೀಸಾಗಿ ಬಂದು, ಆಮೇಲೆ ಹಟ ಹಿಡಿಯುವುದರಲ್ಲಿ ಇದರ ಪಾಲೂ ಇದೆ. ಜಾಕಿ ತೆಗೆದರೆ ಸ್ವಲ್ಪ ಹಿಂದಕ್ಕೂ ಪುಟಿಯುತ್ತದೆ, ಆದ್ದರಿಂದ ನೇರಕ್ಕಿಂತ ತುಸು ಆಚೆಗೆ ಒತ್ತಿ ಬಿಡಬೇಕು. ಚೌಕಟ್ಟಿನ ಸಣ್ಣಪುಟ್ಟ ಬಾಗಿಗೆ ಇಷ್ಟು ಸಾಕು. ಸುತ್ತಿಗೆಯ ಹೊಡೆತಕ್ಕಿಂತ ಜಾಕಿಯ ನಿಧಾನದ ಒತ್ತಡ ಮೇಲು.

ಬಾಗು ದೊಡ್ಡದಿದ್ದರೆ ಗ್ಯಾಸ್ ಹಚ್ಚಬೇಕು. ಇಲ್ಲೊಂದು ಸೊಗಸಾದ ಭೌತಶಾಸ್ತ್ರ ಇದೆ. ಪಟ್ಟಿ ಯಾವ ಕಡೆ ಉಬ್ಬಿದೆಯೋ ಆ ಕಡೆಯ ಅಂಚಿನಲ್ಲಿ ಅಗಲವಾಗಿ, ಒಳಗೆ ಹೋದಂತೆ ಕಿರಿದಾಗಿ ಬೆಣೆಯಾಕಾರದಲ್ಲಿ ಕಾಯಿಸುತ್ತಾರೆ. ಕಾದ ಭಾಗ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ಉಕ್ಕು ಬಿಡುವುದಿಲ್ಲ. 600 ಡಿಗ್ರಿಯಲ್ಲಿ ಉಕ್ಕಿನ ಬಲ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಹಾಗಾಗಿ ಕಾದ ಬೆಣೆ ಉದ್ದಕ್ಕೆ ಹಿಗ್ಗಲಾರದೆ ಅಲ್ಲೇ ದಪ್ಪಗಾಗುತ್ತದೆ. ಆರುವಾಗ ಮಾತ್ರ ಉದ್ದಕ್ಕೂ ಕುಗ್ಗುತ್ತದೆ. ಉಬ್ಬಿದ ಅಂಚು ಗಿಡ್ಡವಾಗಿ ಪಟ್ಟಿ ತಾನಾಗಿಯೇ ನೇರವಾಗತೊಡಗುತ್ತದೆ. ನೇರ ಮಾಡುವ ಕೆಲಸ ನಡೆಯುವುದು ಆರುವಾಗ. ತಾಳ್ಮೆಯಿಲ್ಲದೆ ನೀರು ಸುರಿಯುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಬಣ್ಣ ಮಬ್ಬುಗೆಂಪಿಗೆ ತಿರುಗಿದರೆ ಸಾಕು, ಸುಮಾರು 650 ಡಿಗ್ರಿ. ಬಿಸಿಲಿನಲ್ಲಿ ಆ ಕೆಂಪು ಕಾಣದು, ನೆರಳಿನಲ್ಲೇ ಮಾಡಬೇಕು. 727 ಡಿಗ್ರಿ ದಾಟಿದರೆ ಉಕ್ಕಿನ ಹರಳುಗಳ ಜೋಡಣೆಯೇ ಬದಲಾಗುತ್ತದೆ. ಇನ್ನೊಂದು ಅಪಾಯ ಅರೆಬರೆ ಕಾಯಿಸುವುದು. 200ರಿಂದ 300 ಡಿಗ್ರಿಯ ನಡುವೆ, ಉಕ್ಕಿನ ಮೈ ನೀಲಿಗೆ ತಿರುಗುವ ಹೊತ್ತಿಗೆ, ಅದು ತಣ್ಣಗಿರುವಾಗಿನದಕ್ಕಿಂತಲೂ ಬಿರುಸು. ಆಗ ಬಡಿದರೆ ಬಿರುಕು ಬಿಡುತ್ತದೆ.

ಬ್ಲೇಡನ್ನು ಮಾತ್ರ ನೇರ ಮಾಡಲು ಹೋಗಬಾರದು. ಮಲೆನಾಡಿನ ಕುಲುಮೆಗಳಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿ ಮಾಡುವವರಿಗೆ ಗೊತ್ತಿರುವ ವಿದ್ಯೆ ಇದು: ಹೆಚ್ಚು ಇಂಗಾಲದ ಉಕ್ಕಿನ ಗಟ್ಟಿತನ ಬರುವುದು ಹದದಿಂದ. ಸ್ಲ್ಯಾಷರ್ ಬ್ಲೇಡಿಗೂ ಹದ ಕೊಟ್ಟಿರುತ್ತದೆ. ಅದನ್ನು ಕೆಂಪಗೆ ಕಾಯಿಸಿ ನಿಧಾನ ಆರಿಸಿದರೆ ಮೆತ್ತಗಾಗುತ್ತದೆ, ನೀರಿಗೆ ಅದ್ದಿದರೆ ಗಾಜಿನಷ್ಟು ಬಿರುಸಾಗುತ್ತದೆ. ತುಂಡಾದರೆ 250 ಕಿಲೋಮೀಟರ್ ವೇಗದಲ್ಲಿ ಹಾರುವ ಉಕ್ಕು ಯಾರಿಗೆ ತಗುಲುತ್ತದೋ ಹೇಳಲಾಗದು. ಬದಲಿಸುವುದಾದರೂ ಜೋಡಿಯಾಗಿಯೇ ಬದಲಿಸಬೇಕು. ತಿರುಗುವ ಕೇಂದ್ರದಿಂದ 70 ಸೆಂಟಿಮೀಟರ್ ದೂರ ಸುತ್ತುವ ಬ್ಲೇಡುಗಳ ತೂಕದಲ್ಲಿ ಬರೀ 50 ಗ್ರಾಂ ವ್ಯತ್ಯಾಸ ಇದ್ದರೂ, 900 ಸುತ್ತಿನಲ್ಲಿ ಅದು 32 ಕಿಲೋ ಭಾರದಷ್ಟು ಸೆಳೆತವಾಗಿ ಸೆಕೆಂಡಿಗೆ 15 ಸಲ ಗೇರ್‌ಬಾಕ್ಸಿನ ಬೇರಿಂಗನ್ನು ಅಲ್ಲಾಡಿಸುತ್ತದೆ. ಪಿಟಿಒ ಶಾಫ್ಟಿನ ಶಿಯರ್ ಬೋಲ್ಟಿನ ಮಾತೂ ಹೀಗೆಯೇ. ಅದು ಮುರಿಯಲೆಂದೇ ಇರುವುದು. ಪದೇ ಪದೇ ಮುರಿಯುತ್ತದೆಂದು ಹೆಚ್ಚು ಗಟ್ಟಿಯದನ್ನು ಹಾಕಿದರೆ ಮುಂದಿನ ಪೆಟ್ಟು ಬೀಡಿನ ಗೇರ್‌ಬಾಕ್ಸಿಗೆ ಬೀಳುತ್ತದೆ. ಬೀಡು ಬಗ್ಗುವುದಿಲ್ಲ, ಸೀಳುತ್ತದೆ.

ಚೌಕಟ್ಟು ನೇರವಾಯಿತೆಂದು ಕಣ್ಣಳತೆಯಲ್ಲಿ ಹೇಳಬಾರದು. ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡೂ ಕರ್ಣ ಸಮ ಬರುತ್ತವೆಯೇ ನೋಡಬೇಕು. ಅಳೆಯಲು ಸ್ಲ್ಯಾಷರ್‌ನ ಕೆಳಗೆ ತೂರುವ ಮುಂಚೆ ಮರದ ದಿಮ್ಮಿ ಕೊಟ್ಟು ನಿಲ್ಲಿಸಬೇಕು, ಹಳೆಯ ಹೈಡ್ರಾಲಿಕ್ಕನ್ನು ನಂಬಬಾರದು. ಕರ್ಣ ಯಾಕೆ ಮುಖ್ಯವೆಂದರೆ, ಚೌಕಟ್ಟು ಓರೆಯಾದರೆ ಗೇರ್‌ಬಾಕ್ಸೂ ಓರೆಯಾಗುತ್ತದೆ. ಪಿಟಿಒ ಶಾಫ್ಟಿನ ಎರಡು ತುದಿಯ ಕ್ರಾಸ್‌ಗಳಲ್ಲಿ (ಯೂನಿವರ್ಸಲ್ ಜಾಯಿಂಟ್) ಕೋನ ಸಮವಿದ್ದಾಗ ಮಾತ್ರ ಒಂದರ ವೇಗದ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. 20 ಡಿಗ್ರಿ ಕೋನದಲ್ಲಿ ಒಂದೇ ಕ್ರಾಸ್ ಇದ್ದರೆ 540ರ ವೇಗ 507ಕ್ಕೂ 575ಕ್ಕೂ ನಡುವೆ ಸೆಕೆಂಡಿಗೆ 18 ಸಲ ತೂಗುತ್ತದೆ. ರಿಪೇರಿಯಾದ ಮೇಲೂ ಸ್ಲ್ಯಾಷರ್ ನಡುಗುತ್ತಿದ್ದರೆ ಮೊದಲು ಅಳೆಯಬೇಕಾದದ್ದು ಈ ಕೋನಗಳನ್ನು. ವೆಲ್ಡಿಂಗ್ ಮಾಡುವಾಗ ಅರ್ತಿನ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಬೇಕು. ದೂರ ಕಚ್ಚಿಸಿದರೆ ಕರೆಂಟು ಬೇರಿಂಗಿನ ಗುಂಡುಗಳ ಮೂಲಕ ಹರಿದು ಅಲ್ಲಲ್ಲಿ ಸುಟ್ಟ ಕುಳಿ ಬೀಳಿಸುತ್ತದೆ.

ಬಣ್ಣ ಬಳಿಯುವುದಕ್ಕೆ ಮುಂಚೆ ಬಿರುಕಿನ ಪರೀಕ್ಷೆ ಆಗಬೇಕು. ರೈಲ್ವೆ ವರ್ಕ್‌ಶಾಪುಗಳು ಅಚ್ಚುಗಳಿಗೆ ಮಾಡುತ್ತಿದ್ದ ಹಳೆಯ ವಿಧಾನ ಇಂದಿಗೂ ಅಗ್ಗ, ಇಂದಿಗೂ ಒಳ್ಳೆಯದು. ನೇರ ಮಾಡಿದ ಜಾಗವನ್ನು ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಆರಿದ ಮೇಲೆ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಬೇಕು. ಆಮೇಲೆ ಒಣಬಟ್ಟೆಯಲ್ಲಿ ಚೊಕ್ಕ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಬೇಕು. ಕೂದಲೆಳೆಯಷ್ಟು ಬಿರುಕಿದ್ದರೂ ಒಳಗೆ ಇಳಿದ ಎಣ್ಣೆ ಮೇಲೆ ಜಿನುಗಿ ಪುಡಿಯಲ್ಲಿ ಗೆರೆ ಮೂಡಿಸುತ್ತದೆ. ಗೆರೆ ಕಂಡರೆ ಅದರ ತುದಿಯಲ್ಲಿ ಡ್ರಿಲ್‌ನಿಂದ ತೂತು ಕೊರೆಯಬೇಕು. ಚೂಪು ತುದಿಯಲ್ಲಿ ಒಟ್ಟಾಗುವ ಒತ್ತಡ ದುಂಡನೆಯ ತೂತಿನಲ್ಲಿ ಹಂಚಿಹೋಗಿ ಬಿರುಕು ಮುಂದೆ ಓಡದೆ ನಿಲ್ಲುತ್ತದೆ. ಉಳಿದ ಎಣ್ಣೆಯನ್ನು ತೊಳೆದು, ಬಿರುಕಿನುದ್ದಕ್ಕೂ ಗ್ರೈಂಡರ್‌ನಿಂದ ತೋಡು ತೆಗೆದು ಬುಡದವರೆಗೆ ಬೆಸೆದು, ಮೇಲೊಂದು ಪಟ್ಟಿ ಕೊಟ್ಟರೆ ಸ್ಲ್ಯಾಷರನ್ನು ಮತ್ತೆ ಟ್ರ್ಯಾಕ್ಟರಿಗೆ ಕಟ್ಟಬಹುದು.