ಬಿದಿರಿಗೆ ಉಣಿಸುವಾಗ ಬಾವಿಯ ನೆನಪಿರಲಿ

ಮಲೆನಾಡು, ಕೊಡಗುಗಳಿಂದ ಬಂದು ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗರಿಗೆ ಬಿದಿರು ಕೇವಲ ಅಲಂಕಾರದ ಗಿಡವಲ್ಲ. ಮೊರ, ಬುಟ್ಟಿ, ಏಣಿ, ಮಳೆಗಾಲದ ಕಳಲೆಯ ಪಲ್ಯ ಎಲ್ಲವೂ ಅದರೊಡನೆ ನೆನಪಾಗುತ್ತವೆ. ಹಿತ್ತಿಲಲ್ಲಿ ಒಂದು ಮೆಳೆ ಇರಲೆಂಬ ಆಸೆ ಸಹಜವಾದುದೇ.

ಬಿದಿರು ಮರವಲ್ಲ, ಹುಲ್ಲಿನ ಕುಲಕ್ಕೆ ಸೇರಿದುದು. 1927ರ ಭಾರತೀಯ ಅರಣ್ಯ ಕಾಯಿದೆಯು ಅದನ್ನು ಮರಗಳ ಸಾಲಿಗೆ ಸೇರಿಸಿತ್ತು. 2017ರ ತಿದ್ದುಪಡಿ ಅಲ್ಲಿಂದ ತೆಗೆಯಿತು. ಹುಲ್ಲಿನಂತೆಯೇ ಅದಕ್ಕೆ ಸಾರಜನಕದ ಹಸಿವು ಹೆಚ್ಚು. ನೆಲ ಸೀಳಿ ಬಂದ ಮೊಳಕೆ ಕೆಲವೇ ತಿಂಗಳುಗಳಲ್ಲಿ ಪೂರ್ಣ ಎತ್ತರ ಮುಟ್ಟುತ್ತದೆ. ಆದರೆ ಬೇರುಗಳ ಬಹುಭಾಗ ಮೇಲ್ಮಣ್ಣಿನಲ್ಲಿಯೇ ಹರಡಿರುವುದರಿಂದ, ಒಮ್ಮೆಗೇ ಸುರಿದ ಗೊಬ್ಬರವು ಕೆಳಗಿಳಿದು ಕೈತಪ್ಪುತ್ತದೆ. ಗೊಬ್ಬರವನ್ನು ನೀರಿನಲ್ಲಿ ಕರಗಿಸಿ, ಹನಿಕೊಳವೆಯ ಮೂಲಕ ಸ್ವಲ್ಪ ಸ್ವಲ್ಪವಾಗಿ ಉಣಿಸುವ ರಸಾವರಿ ಪದ್ಧತಿ ಈ ಕಾರಣದಿಂದ ಮೇಲು.

ಇದರ ಕ್ರಮ ಸರಳ. ಮೊದಲು ಬರಿಯ ನೀರು, ನಡುವೆ ಸೋಸಿದ ಗೊಬ್ಬರದ ನೀರು, ಕೊನೆಗೆ ಕೊಳವೆ ತೊಳೆಯಲು ಮತ್ತೆ ಬರಿಯ ನೀರು. ಯೂರಿಯಾ, ಪೊಟ್ಯಾಷ್‌ಗಳು ಸುಲಭವಾಗಿ ಕರಗುತ್ತವೆ. ರಂಜಕದ ಗೊಬ್ಬರವಾದರೋ ಗಡಸುನೀರಿನ ಸುಣ್ಣದ ಅಂಶದೊಡನೆ ಸೇರಿ ಗಸಿಯಾಗಿ ಹನಿರಂಧ್ರಗಳನ್ನು ಮುಚ್ಚುತ್ತದೆ. ಅದನ್ನು ಮಣ್ಣಿಗೇ ಬೆರೆಸುವುದು ಲೇಸು. ಉದುರಿದ ಎಲೆಗಳನ್ನು ಗುಡಿಸಿ ಎಸೆಯದೆ ಬುಡಕ್ಕೆ ಹೊದಿಸಿದರೆ ಬಿದಿರಿಗೆ ಬೇಕಾದ ಸಿಲಿಕಾ ಮಣ್ಣಿಗೆ ಮರಳುತ್ತದೆ.

ಆರೋಗ್ಯದ ಪ್ರಶ್ನೆ ಉದ್ಭವಿಸುವುದು ಇಲ್ಲಿಯೇ. ಬೆಸೆಂಟ್ ನಗರ, ತಿರುವಾನ್ಮಿಯೂರುಗಳಂಥ ಕಡಲಂಚಿನ ಬಡಾವಣೆಗಳ ಮರಳುನೆಲದಲ್ಲಿ ಗೊಬ್ಬರದ ನೀರು ಬೇಗನೆ ಅಂತರ್ಜಲಕ್ಕಿಳಿಯುತ್ತದೆ. ಯೂರಿಯಾದ ಸಾರಜನಕವು ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. 10 ಗ್ರಾಂ ಯೂರಿಯಾದಿಂದ ಸುಮಾರು 20 ಗ್ರಾಂ ನೈಟ್ರೇಟ್ ಹುಟ್ಟಬಲ್ಲದು. ಅದಷ್ಟೂ ಸೋರಿದರೆ ಸುಮಾರು 450 ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಲು ಸಾಕು. ಇಂಥ ನೀರಿನಲ್ಲಿ ಕಲಸಿದ ಪುಡಿಹಾಲು ಎಳೆಯ ಕೂಸುಗಳ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸಿ, ಮೈ ನೀಲಿಗಟ್ಟುವಂತೆ ಮಾಡಬಹುದು. ಕುದಿಸುವುದರಿಂದ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಂತೆ ಅದು ಇನ್ನಷ್ಟು ಸಾಂದ್ರವಾಗುತ್ತದೆ.

ಆದುದರಿಂದ ಮೆಳೆಯನ್ನು ಬಾವಿಯಿಂದಲೂ, ತಮಿಳುನಾಡಿನಲ್ಲಿ 2003ರಿಂದ ಕಡ್ಡಾಯವಾದ ಮಳೆನೀರು ಇಂಗುಗುಂಡಿಯಿಂದಲೂ ದೂರದಲ್ಲಿ ನೆಡಬೇಕು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು ಮಳೆಯ ದಿನಗಳಲ್ಲಿ ರಾಸಾಯನಿಕ ಗೊಬ್ಬರ ಬೇಡ. ಮೋಟಾರು ನಿಂತಾಗ ಗೊಬ್ಬರದ ನೀರು ಹಿಂದಕ್ಕೆ ಹರಿದು ಬಾವಿಯನ್ನೋ ತೊಟ್ಟಿಯನ್ನೋ ಸೇರದಂತೆ ಕೊಳವೆಗೆ ನಾನ್ ರಿಟರ್ನ್ ವಾಲ್ವ್ ಅಳವಡಿಸುವುದು ಅವಶ್ಯ. ಕೂಸುಗಳಿರುವ ಮನೆಯವರು ಬಾವಿನೀರನ್ನು ಪರೀಕ್ಷೆಗೆ ಕಳುಹಿಸುವುದು ಕ್ಷೇಮ.

ಮೆಳೆ ಕಳಲೆ ಕೊಟ್ಟಾಗಲೂ ಆತುರ ಸಲ್ಲದು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆಮಾಡುವ ವಸ್ತುವಿದೆ. ತೆಳುವಾಗಿ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಿ, ಆ ನೀರನ್ನು ಚೆಲ್ಲಿದ ಮೇಲೆಯೇ ಒಗ್ಗರಣೆ ಹಾಕಬೇಕು. ನಮ್ಮ ಅಜ್ಜಿಯಂದಿರು ಬಹುಕಾಲದಿಂದ ನಡೆಸಿಕೊಂಡು ಬಂದ ಈ ಪದ್ಧತಿಯನ್ನು ಪಟ್ಟಣದ ಅಡಿಗೆಮನೆಯೂ ಬಿಡಬಾರದು.